ರಿಕ್ವೈರ್‌ಮೆಂಟ್‌ಗೆ ಲಿಂಕ್ ಆದ ಇಶ್ಯೂಗಳನ್ನು ಹುಡುಕಲು ಯಾವ ಕ್ವೆರಿ ಫಂಕ್ಷನ್ ಆಯ್ದುಕೊಳ್ಳಬೇಕು?

ತಂತ್ರಾಂಶದ ಪ್ರತಿ ರಿಕ್ವೈರ್‌ಮೆಂಟ್‌ಗೆ (ತಂತ್ರಾಂಶ ಏನು ಮಾಡಬೇಕೆಂಬ ಬೇಡಿಕೆಗೆ) ಅದನ್ನು ಕಾರ್ಯರೂಪಕ್ಕೆ ತರುವ ಸ್ಟೋರಿ ಎಂಬ ಕೆಲಸದ ತುಣುಕು, ಅದನ್ನು ಪರೀಕ್ಷಿಸುವ ಟೆಸ್ಟ್, ಅದರಲ್ಲಿ ಕಂಡುಬಂದ ಬಗ್ ಇವೆಲ್ಲವನ್ನೂ ಲಿಂಕ್ ಮಾಡಿಡುವ ಶಿಸ್ತನ್ನು ಇಂದು ಅನೇಕ ತಂಡಗಳು ಪಾಲಿಸುತ್ತವೆ. ಕೆಲವು ಕ್ಷೇತ್ರಗಳಲ್ಲಿ ಇದು ಕಡ್ಡಾಯವೇ ಆಗಿದೆ. ವಿಮಾನಗಳ ತಂತ್ರಾಂಶಕ್ಕಾಗಿ 2011ರಲ್ಲಿ ಹೊರಬಂದ ಡಿಒ-178ಸಿ ಎಂಬ ಮಾನದಂಡ, ರಿಕ್ವೈರ್‌ಮೆಂಟ್‌ನಿಂದ ಟೆಸ್ಟ್‌ಗೂ ಟೆಸ್ಟ್‌ನಿಂದ ರಿಕ್ವೈರ್‌ಮೆಂಟ್‌ಗೂ ಜಾಡು ಹಿಡಿದು ಹೋಗಲು ಸಾಧ್ಯವಾಗಬೇಕೆಂದು ಹೇಳುತ್ತದೆ. ವೈದ್ಯಕೀಯ ಸಾಧನಗಳ ತಂತ್ರಾಂಶಕ್ಕೆ ಅನ್ವಯಿಸುವ ಐಇಸಿ 62304 ಮತ್ತು ವಾಹನಗಳಿಗೆ ಅನ್ವಯಿಸುವ ಐಎಸ್‌ಒ 26262 ಕೂಡ ಇಂಥ ಜಾಡನ್ನು ಅಪೇಕ್ಷಿಸುತ್ತವೆ. ಆದರೆ ಲಿಂಕ್ ಹಾಕುವುದು ಅರ್ಧ ಕೆಲಸ ಮಾತ್ರ. ಬಿಡುಗಡೆ ಹತ್ತಿರ ಬಂದಾಗ ‘ಯಾವ ರಿಕ್ವೈರ್‌ಮೆಂಟ್‌ನ ಮೇಲೆ ಇನ್ನೂ ಬಗ್ ಬಾಕಿಯಿದೆ, ಯಾವುದಕ್ಕೆ ಯಾರೂ ಕೈಹಚ್ಚಿಲ್ಲ’ ಎಂದು ಕೇಳಿದರೆ ಆ ಲಿಂಕ್‌ಗಳು ಉತ್ತರ ಕೊಡಬೇಕು. ಆ ಉತ್ತರ ಸಿಗುವುದೂ ಸಿಗದಿರುವುದೂ ನಾವು ಬಳಸುವ ಕ್ವೆರಿಯ, ಅಂದರೆ ಹುಡುಕಾಟದ ಆಜ್ಞೆಯ, ಸಾಮರ್ಥ್ಯವನ್ನು ಅವಲಂಬಿಸಿದೆ.

ಇಂಥ ಪ್ರತಿ ನಮೂದನ್ನೂ ಇಶ್ಯೂ ಎಂದು ಕರೆದು ದಾಖಲಿಸಿಡುವ ಜಿರಾ ಎಂಬ ಸಾಧನದ ಸ್ವಂತ ಫಂಕ್ಷನ್‌ಗಳು, ಅದಕ್ಕೆ ಸೇರಿಸಿಕೊಳ್ಳುವ ಆ್ಯಪ್‌ಗಳು, ಅಜುರ್ ಡೆವ್‌ಆಪ್ಸ್‌ನ ಲಿಂಕ್ ಕ್ವೆರಿ ಮತ್ತು ಗಿಟ್‌ಹಬ್‌ನ ಹುಡುಕಾಟ ಇವನ್ನು ಇಲ್ಲಿ ಹೋಲಿಸಲಾಗಿದೆ. ಸೌಲಭ್ಯಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಹೋಲಿಸುವುದಕ್ಕಿಂತ, ನಮ್ಮ ಪ್ರಶ್ನೆ ಯಾವ ಬಗೆಯದು ಎಂಬಲ್ಲಿಂದ ಹೊರಡುವುದು ಸರಿಯಾದ ಕ್ರಮ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಪ್ರಶ್ನೆಯನ್ನು ಗುರುತಿಸಿಕೊಳ್ಳಬೇಕು

ಲಿಂಕ್‌ಗಳ ಬಗ್ಗೆ ತಂಡಗಳು ಕೇಳುವ ಪ್ರಶ್ನೆಗಳು ನೋಡಲು ಒಂದೇ ರೀತಿ ಇದ್ದರೂ ಒಳಗೆ ನಾಲ್ಕು ಬೇರೆ ಬೇರೆ ಬಗೆಗಳಿವೆ. ಗೊತ್ತಿರುವ ಒಂದು ರಿಕ್ವೈರ್‌ಮೆಂಟ್‌ನ ಸಂಖ್ಯೆ ಕೊಟ್ಟು ಅದಕ್ಕೆ ಅಂಟಿಕೊಂಡಿರುವುದನ್ನೆಲ್ಲ ಕೇಳುವುದು ಅತ್ಯಂತ ಸರಳವಾದದ್ದು. ‘ಮುಂದಿನ ಆವೃತ್ತಿಗೆ ಒಪ್ಪಿಗೆಯಾದ ಎಲ್ಲ ರಿಕ್ವೈರ್‌ಮೆಂಟ್‌ಗಳಿಗೆ ಲಿಂಕ್ ಆಗಿರುವ, ಇನ್ನೂ ಮುಗಿಯದ ಬಗ್‌ಗಳು’ ಎಂಬಲ್ಲಿ ಎರಡೂ ತುದಿಗಳಿಗೆ ಷರತ್ತುಗಳಿವೆ. ಇದು ಎರಡನೆಯ ಬಗೆ. ‘ಯಾವ ಸ್ಟೋರಿಯೂ ಇಲ್ಲದ ರಿಕ್ವೈರ್‌ಮೆಂಟ್ ಯಾವುದು’ ಎಂದು ಇಲ್ಲದಿರುವುದನ್ನು ಕೇಳುವುದು ಮೂರನೆಯದು. ರಿಕ್ವೈರ್‌ಮೆಂಟ್‌ನಿಂದ ಸ್ಟೋರಿಗೆ, ಸ್ಟೋರಿಯಿಂದ ಸಬ್‌ಟಾಸ್ಕ್‌ಗೆ, ಅಲ್ಲಿಂದ ಬಗ್‌ಗೆ ಹಂತಹಂತವಾಗಿ ಇಳಿದು ಹೋಗುವುದು ನಾಲ್ಕನೆಯದು.

ಇವುಗಳಲ್ಲಿ ಮೂರನೆಯದೇ ಹೆಚ್ಚು ಮುಖ್ಯವಾದದ್ದು, ಮತ್ತು ಸಾಧನಗಳು ಹೆಚ್ಚಾಗಿ ಎಡವುವುದೂ ಅಲ್ಲಿಯೇ. ಇರುವ ಲಿಂಕ್ ಹೇಗೂ ಕಣ್ಣಿಗೆ ಬೀಳುತ್ತದೆ. ಇಲ್ಲದ ಲಿಂಕ್ ಅನ್ನು ಕ್ವೆರಿ ತೋರಿಸಿಕೊಡದ ಹೊರತು ಯಾರೂ ಗಮನಿಸುವುದಿಲ್ಲ. ಇದರೊಳಗೂ ಒಂದು ಸೂಕ್ಷ್ಮವಿದೆ. ಲಿಂಕೇ ಇಲ್ಲದ ರಿಕ್ವೈರ್‌ಮೆಂಟ್ ಬೇರೆ, ಲಿಂಕ್ ಇದ್ದರೂ ಆಚೆ ತುದಿಯ ಸ್ಟೋರಿ ರದ್ದಾಗಿಹೋಗಿರುವ ರಿಕ್ವೈರ್‌ಮೆಂಟ್ ಬೇರೆ. ಎರಡನೆಯದು ವರದಿಯಲ್ಲಿ ‘ಕೆಲಸ ನಡೆಯುತ್ತಿದೆ’ ಎಂಬ ಸಾಲಿನಲ್ಲಿ ಕುಳಿತಿರುತ್ತದೆ, ನಿಜದಲ್ಲಿ ಅದಕ್ಕೆ ವಾರಸುದಾರರೇ ಇರುವುದಿಲ್ಲ. ಒಂದು ಸಾಧನ ಈ ಎರಡನ್ನೂ ಬೇರ್ಪಡಿಸಿ ತೋರಿಸಬಲ್ಲದೇ ಎಂಬುದು ಮುಂದಿನ ಇಡೀ ಹೋಲಿಕೆಯಲ್ಲಿ ನಾನು ಬಳಸುವ ಮುಖ್ಯ ಅಳತೆ.

ಜಿರಾ ತಾನಾಗಿ ಕೊಡುವುದು

ಅಟ್ಲಾಸಿಯನ್ ಸಂಸ್ಥೆಯ ಜಿರಾ 2002ರಿಂದ ಇದ್ದರೂ, ಅದರ ಹುಡುಕಾಟದ ಭಾಷೆಯಾದ ಜೆಕ್ಯೂಎಲ್ ಬಂದದ್ದು 2009ರ 4.0 ಆವೃತ್ತಿಯೊಂದಿಗೆ. ಲಿಂಕ್‌ಗಳಿಗಾಗಿ ಅದರಲ್ಲಿರುವ ಮುಖ್ಯ ಫಂಕ್ಷನ್ ಲಿಂಕ್ಡ್‌ಇಶ್ಯೂಸ್. ಒಂದು ಇಶ್ಯೂವಿನ ಕೀ, ಅಂದರೆ ಅದರ ಗುರುತಿನ ಸಂಖ್ಯೆ, ಕೊಟ್ಟರೆ ಅದಕ್ಕೆ ನೇರವಾಗಿ ಲಿಂಕ್ ಆದ ಇಶ್ಯೂಗಳನ್ನು ಅದು ಕೊಡುತ್ತದೆ. ಬೇಕಿದ್ದರೆ ಎರಡನೆಯ ಆರ್ಗ್ಯುಮೆಂಟ್ ಆಗಿ ಲಿಂಕ್‌ನ ಬಗೆಯನ್ನೂ ಕೊಡಬಹುದು. ‘ಇಶ್ಯೂ ಇನ್ ಲಿಂಕ್ಡ್‌ಇಶ್ಯೂಸ್(ರೆಕ್-10, "ಈಸ್ ಇಂಪ್ಲಿಮೆಂಟೆಡ್ ಬೈ")’ ಎಂದು ಬರೆದು, ಮುಂದೆ ‘ಆ್ಯಂಡ್’ ಸೇರಿಸಿ ಸ್ಟೇಟಸ್‌ನ ಷರತ್ತು ಹಾಕಿದರೆ ಆ ಒಂದು ರಿಕ್ವೈರ್‌ಮೆಂಟ್‌ನ ಬಾಕಿ ಕೆಲಸದ ಪಟ್ಟಿ ಸಿದ್ಧ. ಲಿಂಕ್‌ನ ಬಗೆಯ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳ ವ್ಯತ್ಯಾಸವನ್ನು ಇದು ಗಣನೆಗೆ ತೆಗೆದುಕೊಳ್ಳುವುದರಿಂದ, ಜಿರಾದ ಆಡಳಿತ ಪುಟದಲ್ಲಿ ಹೇಗಿದೆಯೋ ಹಾಗೆಯೇ ನಕಲಿಸಿಕೊಳ್ಳುವುದು ಕ್ಷೇಮ.

ಮೊದಲ ಬಗೆಯ ಪ್ರಶ್ನೆಗೆ ಇದಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ. ಆದರೆ ಎರಡನೆಯ ಬಗೆಗೆ ಬಂದ ಕೂಡಲೇ ಇದರ ಮಿತಿ ಗೋಚರಿಸುತ್ತದೆ. ಕೀಯ ಜಾಗದಲ್ಲಿ ಇನ್ನೊಂದು ಕ್ವೆರಿಯನ್ನು ಇಡಲು ಇದು ಬಿಡುವುದಿಲ್ಲ, ಏಕೆಂದರೆ ಜೆಕ್ಯೂಎಲ್‌ನಲ್ಲಿ ಡೇಟಾಬೇಸ್‌ಗಳಲ್ಲಿರುವಂಥ ಜಾಯಿನ್ (ಎರಡು ಪಟ್ಟಿಗಳ ಜೋಡಣೆ) ಆಗಲಿ ಒಳಕ್ವೆರಿಯಾಗಲಿ ಇಲ್ಲ. ಹತ್ತಾರು ರಿಕ್ವೈರ್‌ಮೆಂಟ್‌ಗಳಿಗೆ ಹತ್ತಾರು ಬಾರಿ ‘ಆರ್’ ಹಾಕಿ ಉದ್ದನೆಯ ಕ್ವೆರಿ ಕಟ್ಟಬಹುದಾದರೂ, ಹೊಸ ರಿಕ್ವೈರ್‌ಮೆಂಟ್ ಸೇರಿದ ದಿನ ಅದು ಸದ್ದಿಲ್ಲದೆ ಹಳತಾಗುತ್ತದೆ. ತಪ್ಪು ಸಂದೇಶವನ್ನೂ ತೋರಿಸದೆ ಕಡಿಮೆ ಉತ್ತರ ಕೊಡುವ ಇಂಥ ಕ್ವೆರಿಯನ್ನು ಡ್ಯಾಶ್‌ಬೋರ್ಡ್‌ಗೆ ಹಾಕಬಾರದು.

ಕ್ಲೌಡ್ ಆವೃತ್ತಿಯಲ್ಲಿ ಇಶ್ಯೂಲಿಂಕ್‌ಟೈಪ್ ಎಂಬ ಫೀಲ್ಡ್ ಇದೆ. ಯಾವುದೇ ಕೀ ಕೊಡದೆ, ನಿರ್ದಿಷ್ಟ ಬಗೆಯ ಲಿಂಕ್ ಇರುವ ಇಶ್ಯೂಗಳನ್ನೆಲ್ಲ ಇದರಿಂದ ಹೆಕ್ಕಬಹುದು. ‘ಈಸ್ ಟೆಸ್ಟೆಡ್ ಬೈ’ ಲಿಂಕ್ ಇರುವ ರಿಕ್ವೈರ್‌ಮೆಂಟ್‌ಗಳು ಎಷ್ಟು ಎಂದು ತಿಳಿಯಲು ಇದು ಅನುಕೂಲಕರ. ಆದರೆ ಲಿಂಕ್ ಇದೆಯೇ ಎಂಬುದಷ್ಟೇ ಇದಕ್ಕೆ ಗೊತ್ತು, ಆಚೆ ತುದಿಯಲ್ಲಿ ಏನಿದೆ ಎಂಬುದು ಇದರ ಅರಿವಿಗೆ ಬರುವುದಿಲ್ಲ. ಮೇಲೆ ಹೇಳಿದ ರದ್ದಾದ ಸ್ಟೋರಿಯ ಸಮಸ್ಯೆ ಇಲ್ಲಿ ಹಾಗೆಯೇ ಉಳಿಯುತ್ತದೆ. ಇದನ್ನು ನಿರಾಕರಣೆಯ ರೂಪದಲ್ಲಿ ಬಳಸುವ ಮುನ್ನ ಮೂರು ಬಗೆಯ ಮಾದರಿಗಳ ಮೇಲೆ ಪ್ರಯೋಗಿಸಿ ನೋಡಬೇಕು: ಯಾವ ಲಿಂಕೂ ಇಲ್ಲದ ಇಶ್ಯೂ, ಬೇಡದ ಬಗೆಯ ಲಿಂಕ್ ಮಾತ್ರ ಇರುವ ಇಶ್ಯೂ, ಎರಡು ಬಗೆಯ ಲಿಂಕ್‌ಗಳೂ ಇರುವ ಇಶ್ಯೂ. ಈ ಮೂರೂ ನಿರೀಕ್ಷಿಸಿದಂತೆ ಒಳಗೋ ಹೊರಗೋ ಬಿದ್ದರೆ ಮಾತ್ರ ಆ ಫಿಲ್ಟರ್ ಅನ್ನು ಉಳಿಸಿಕೊಳ್ಳಿ.

ರಿಕ್ವೈರ್‌ಮೆಂಟ್ ಅನ್ನೇ ಎಪಿಕ್ ಅಥವಾ ಮೇಲಿನ ಮಟ್ಟದ ಇಶ್ಯೂ ಆಗಿಟ್ಟುಕೊಂಡು, ಲಿಂಕ್‌ನ ಬದಲು ಪೇರೆಂಟ್-ಚೈಲ್ಡ್ ಸಂಬಂಧ ಬಳಸುವ ತಂಡಗಳಿಗೆ ‘ಪೇರೆಂಟ್ ಇನ್’ ಎಂಬ ಸರಳ ಷರತ್ತು ಸಾಕಾಗುತ್ತದೆ. ಆದರೆ ಒಂದು ಇಶ್ಯೂವಿಗೆ ಒಬ್ಬನೇ ಪೇರೆಂಟ್ ಇರಲು ಸಾಧ್ಯ. ಒಂದು ಸ್ಟೋರಿ ಎರಡು ರಿಕ್ವೈರ್‌ಮೆಂಟ್‌ಗಳನ್ನು ಪೂರೈಸುವುದು ತೀರಾ ಸಾಮಾನ್ಯವಾಗಿರುವುದರಿಂದ, ಈ ದಾರಿ ಚಿಕ್ಕ ಉತ್ಪನ್ನಗಳಾಚೆಗೆ ಬಾಳಿಕೆ ಬರುವುದಿಲ್ಲ.

ಸ್ಕ್ರಿಪ್ಟ್‌ರನ್ನರ್ ಮತ್ತು ಎಕ್ಸ್‌ರೇ

ಜಿರಾದ ಈ ಕೊರತೆಯನ್ನು ತುಂಬಲು ಅನೇಕರು ಸ್ಕ್ರಿಪ್ಟ್‌ರನ್ನರ್ ಆ್ಯಪ್‌ನ ಮೊರೆಹೋಗುತ್ತಾರೆ. ಅದರ ಲಿಂಕ್ಡ್‌ಇಶ್ಯೂಸ್‌ಆಫ್ ಎಂಬ ಫಂಕ್ಷನ್, ಕೀಯ ಜಾಗದಲ್ಲಿ ಇಡೀ ಒಂದು ಕ್ವೆರಿಯನ್ನೇ ಸ್ವೀಕರಿಸುತ್ತದೆ. ‘ಒಪ್ಪಿಗೆಯಾದ ರಿಕ್ವೈರ್‌ಮೆಂಟ್‌ಗಳು’ ಎಂಬ ಕ್ವೆರಿಯನ್ನು ಒಳಗಿಟ್ಟು, ಹೊರಗೆ ‘ಟೈಪ್ ಬಗ್ ಆಗಿರಬೇಕು, ಮುಗಿದಿರಬಾರದು’ ಎಂಬ ಷರತ್ತು ಸೇರಿಸಿದರೆ ಎರಡನೆಯ ಬಗೆಯ ಪ್ರಶ್ನೆ ಒಂದೇ ಸಾಲಿನಲ್ಲಿ ತೀರುತ್ತದೆ. ಮೂರನೆಯ ಬಗೆಗೂ ಇದು ಸಲ್ಲುತ್ತದೆ. ರದ್ದಾಗದ ಸ್ಟೋರಿಗಳನ್ನು ಮಾತ್ರ ಹೆಕ್ಕುವ ಕ್ವೆರಿಯನ್ನು ಒಳಗಿಟ್ಟು, ‘ಇಂಪ್ಲಿಮೆಂಟ್ಸ್’ ಲಿಂಕ್‌ನ ಮೂಲಕ ಅವು ಮುಟ್ಟುವ ರಿಕ್ವೈರ್‌ಮೆಂಟ್‌ಗಳನ್ನು ‘ನಾಟ್ ಇನ್’ ಮೂಲಕ ಹೊರಗಿಟ್ಟರೆ, ಉಳಿಯುವುದು ಲಿಂಕ್ ಇಲ್ಲದವು ಮತ್ತು ಜೀವವಿಲ್ಲದ ಲಿಂಕ್ ಮಾತ್ರ ಇರುವವು. ಅದೇ ಆ್ಯಪ್‌ನ ಹ್ಯಾಸ್‌ಲಿಂಕ್ಸ್ ಫಂಕ್ಷನ್‌ನಿಂದ ಮೊದಲ ಗುಂಪನ್ನು ಬೇರ್ಪಡಿಸಿದರೆ ಎರಡೂ ಪ್ರತ್ಯೇಕವಾಗಿ ಕಾಣುತ್ತವೆ. ನಾಲ್ಕನೆಯ ಬಗೆಗೆ ಲಿಂಕ್ಡ್‌ಇಶ್ಯೂಸ್‌ಆಫ್‌ರಿಕರ್ಸಿವ್ ಇದೆ, ಮತ್ತು ಎಷ್ಟು ಹಂತ ಇಳಿಯಬೇಕೆಂದು ಮಿತಿ ಹಾಕುವ ಅದರ ಇನ್ನೊಂದು ರೂಪವೂ ಇದೆ. ಮಿತಿ ಇರುವ ರೂಪವನ್ನೇ ಬಳಸಬೇಕೆಂದು ನಾನು ಒತ್ತಿ ಹೇಳುತ್ತೇನೆ. ‘ರಿಲೇಟ್ಸ್ ಟು’ ಎಂಬಂಥ ಸಡಿಲ ಲಿಂಕ್‌ಗಳು ಇರುವ ಪ್ರಾಜೆಕ್ಟ್‌ನಲ್ಲಿ ಮಿತಿಯಿಲ್ಲದೆ ಇಳಿದರೆ ಸಂಬಂಧವೇ ಇಲ್ಲದ ಇಶ್ಯೂಗಳು ಬಂದು ಸೇರುತ್ತವೆ, ಸರ್ವರ್‌ನ ಮೇಲೂ ಭಾರ ಬೀಳುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿ, ಸ್ವಂತ ಸರ್ವರ್‌ನಲ್ಲಿ ನಡೆಯುವ ಜಿರಾದಲ್ಲಿಯೂ ಕ್ಲೌಡ್‌ನಲ್ಲಿಯೂ ಈ ಆ್ಯಪ್ ಒಂದೇ ರೀತಿ ಕೆಲಸ ಮಾಡುವುದಿಲ್ಲ ಎಂಬುದು. ಮೊದಲನೆಯದರಲ್ಲಿ ಫಂಕ್ಷನ್ ಜೆಕ್ಯೂಎಲ್‌ನ ಭಾಗವಾಗಿಯೇ ಆ ಕ್ಷಣದ ಉತ್ತರ ಕೊಡುತ್ತದೆ. ಕ್ಲೌಡ್‌ನಲ್ಲಿ ಎನ್‌ಹ್ಯಾನ್ಸ್ಡ್ ಸರ್ಚ್ ಎಂಬ ಪ್ರತ್ಯೇಕ ಆ್ಯಪ್ ಇದ್ದು, ಅದರ ಉಳಿಸಿದ ಫಿಲ್ಟರ್‌ಗಳ ಉತ್ತರ ಕಾಲಕಾಲಕ್ಕೆ ನವೀಕರಣಗೊಳ್ಳುತ್ತದೆ. ವಾರದ ಪರಿಶೀಲನೆಗೆ ಈ ತಡ ಲೆಕ್ಕಕ್ಕೆ ಬಾರದು. ಒಂದು ಇಶ್ಯೂವನ್ನು ಮುಂದಿನ ಹಂತಕ್ಕೆ ಬಿಡಬೇಕೇ ಬೇಡವೇ ಎಂದು ತೀರ್ಮಾನಿಸುವ ಸ್ವಯಂಚಾಲಿತ ನಿಯಮಕ್ಕೆ ಅದು ಲೆಕ್ಕಕ್ಕೆ ಬರುತ್ತದೆ. 2024ರ ಫೆಬ್ರವರಿಯಲ್ಲಿ ಜಿರಾ ಸರ್ವರ್ ಆವೃತ್ತಿಗೆ ಬೆಂಬಲ ನಿಂತ ನಂತರ ಕ್ಲೌಡ್‌ಗೆ ಹೋಗುತ್ತಿರುವ ತಂಡಗಳು, ತಮ್ಮ ಹಳೆಯ ಫಿಲ್ಟರ್‌ಗಳಲ್ಲಿ ಎಷ್ಟು ಇಂಥ ಫಂಕ್ಷನ್‌ಗಳನ್ನು ನೆಚ್ಚಿಕೊಂಡಿವೆ ಎಂಬುದನ್ನು ಮೊದಲೇ ಎಣಿಸಿಟ್ಟುಕೊಳ್ಳುವುದು ಒಳ್ಳೆಯದು.

ಎಕ್ಸ್‌ರೇ ಬೇರೆಯೇ ಉದ್ದೇಶದ ಆ್ಯಪ್. ಅದು ಟೆಸ್ಟ್‌ಗಳನ್ನು ಜಿರಾದೊಳಗೆ ಇಶ್ಯೂಗಳಾಗಿ ಇಟ್ಟು, ಅವುಗಳ ಇತ್ತೀಚಿನ ಫಲಿತಾಂಶದಿಂದ ಪ್ರತಿ ರಿಕ್ವೈರ್‌ಮೆಂಟ್‌ನ ಸ್ಥಿತಿಯನ್ನು ಲೆಕ್ಕ ಹಾಕುತ್ತದೆ. ಸ್ವಂತ ಸರ್ವರ್‌ನ ಆವೃತ್ತಿಯಲ್ಲಿರುವ ಅದರ ರಿಕ್ವೈರ್‌ಮೆಂಟ್ಸ್ ಎಂಬ ಫಂಕ್ಷನ್‌ಗೆ ‘ಅನ್‌ಕವರ್ಡ್’ ಎಂದು ಕೊಟ್ಟರೆ ಟೆಸ್ಟ್‌ಗಳೇ ಇಲ್ಲದ ರಿಕ್ವೈರ್‌ಮೆಂಟ್‌ಗಳು, ‘ನಾಟ್‌ರನ್’ ಎಂದು ಕೊಟ್ಟರೆ ಟೆಸ್ಟ್ ಇದ್ದೂ ನಡೆಸದೇ ಇರುವವು, ‘ಎನ್‌ಒಕೆ’ ಎಂದರೆ ಟೆಸ್ಟ್‌ನಲ್ಲಿ ಸೋತವು ಸಿಗುತ್ತವೆ. ಲಿಂಕ್ ಇದೆಯೇ ಎಂಬ ಪ್ರಶ್ನೆಯನ್ನು ದಾಟಿ ‘ಆ ಲಿಂಕ್ ಏನನ್ನು ಸಾಬೀತುಮಾಡಿದೆ’ ಎಂಬ ಪ್ರಶ್ನೆಗೆ ಇದು ಉತ್ತರಿಸುತ್ತದೆ, ಮತ್ತು ಪರೀಕ್ಷೆಯೇ ಮುಖ್ಯವಾದ ತಂಡಕ್ಕೆ ನಾನು ಮೊದಲು ಸೂಚಿಸುವುದು ಇದನ್ನೇ. ಆದರೆ ಟೆಸ್ಟ್‌ಗಳ ಮೂಲಕ ಹಾದುಹೋಗದ ಲಿಂಕ್‌ಗಳ ಜಾಡು ಹಿಡಿಯಲು ಇದು ಸಹಾಯಕ್ಕೆ ಬರುವುದಿಲ್ಲ.

ಅಜುರ್ ಡೆವ್‌ಆಪ್ಸ್

ಲಿಂಕ್‌ಗಳ ವಿಷಯದಲ್ಲಿ ಸೇರ್ಪಡೆ ಆ್ಯಪ್‌ಗಳ ನೆರವಿಲ್ಲದೆ ಅತ್ಯಂತ ಸಮರ್ಥವಾದದ್ದು ಮೈಕ್ರೊಸಾಫ್ಟ್‌ನ ಅಜುರ್ ಡೆವ್‌ಆಪ್ಸ್ ಎಂದು ನಿಸ್ಸಂಕೋಚವಾಗಿ ಹೇಳಬಹುದು. ಅದರಲ್ಲಿ ಕ್ವೆರಿಗಳಲ್ಲೇ ಮೂರು ಬಗೆಗಳಿವೆ: ಸಾದಾ ಪಟ್ಟಿ, ನೇರ ಲಿಂಕ್‌ಗಳ ಕ್ವೆರಿ ಮತ್ತು ಮರದ ರೂಪದ ಕ್ವೆರಿ. ನೇರ ಲಿಂಕ್‌ಗಳ ಕ್ವೆರಿಯಲ್ಲಿ ಮೇಲ್ಭಾಗದಲ್ಲಿ ಮೂಲ ಐಟಂಗಳಿಗೆ (ಜಿರಾದ ಇಶ್ಯೂಗಳಿಗೆ ಸಮಾನವಾದವು) ಷರತ್ತು, ಕೆಳಭಾಗದಲ್ಲಿ ಲಿಂಕ್ ಆದ ಐಟಂಗಳಿಗೆ ಷರತ್ತು, ಜೊತೆಗೆ ಲಿಂಕ್‌ನ ಬಗೆ ಇವನ್ನು ಪ್ರತ್ಯೇಕವಾಗಿ ಕೊಡಬಹುದು. ಅದರ ಮೇಲೆ ಮೂರು ಆಯ್ಕೆಗಳಿವೆ: ಷರತ್ತಿಗೆ ಹೊಂದುವ ಲಿಂಕ್ ಇರುವವನ್ನು ಮಾತ್ರ ತೋರಿಸು, ಲಿಂಕ್ ಇರಲಿ ಇಲ್ಲದಿರಲಿ ಮೂಲ ಐಟಂಗಳನ್ನೆಲ್ಲ ತೋರಿಸು, ಹೊಂದುವ ಲಿಂಕ್ ಇಲ್ಲದವನ್ನು ಮಾತ್ರ ತೋರಿಸು. ಇದರ ಹಿಂದಿರುವ ವಿಕಲ್ ಎಂಬ ಕ್ವೆರಿ ಭಾಷೆಯಲ್ಲಿ ಇವು ಮಸ್ಟ್‌ಕಂಟೇನ್, ಮೇಕಂಟೇನ್, ಡಸ್‌ನಾಟ್‌ಕಂಟೇನ್ ಎಂಬ ಮೋಡ್‌ಗಳಾಗಿವೆ.

ಮೂರನೆಯ ಮೋಡ್‌ನ ಬೆಲೆ ದೊಡ್ಡದು. ಕೆಳಭಾಗದಲ್ಲಿ ‘ಕ್ಲೋಸ್ಡ್ ಸ್ಥಿತಿಯಲ್ಲಿರದ ಟೆಸ್ಟ್ ಕೇಸ್’ ಎಂದೂ, ಲಿಂಕ್‌ನ ಬಗೆ ‘ಟೆಸ್ಟೆಡ್ ಬೈ’ ಎಂದೂ ಕೊಟ್ಟರೆ, ಟೆಸ್ಟ್ ಇಲ್ಲದ ರಿಕ್ವೈರ್‌ಮೆಂಟ್‌ಗಳೂ ಬದುಕಿರುವ ಟೆಸ್ಟ್ ಒಂದೂ ಇಲ್ಲದ ರಿಕ್ವೈರ್‌ಮೆಂಟ್‌ಗಳೂ ಒಟ್ಟಿಗೆ ಬರುತ್ತವೆ. ಸ್ಥಿತಿಯ ಷರತ್ತನ್ನು ತೆಗೆದು ಇನ್ನೊಮ್ಮೆ ನಡೆಸಿದರೆ ಟೆಸ್ಟ್‌ಗೆ ಲಿಂಕೇ ಇಲ್ಲದವು ಬೇರೆಯಾಗಿ ಸಿಗುತ್ತವೆ. ಹೀಗೆ ನನ್ನ ಮುಖ್ಯ ಅಳತೆಯನ್ನು ಇದು ಯಾವ ಹೆಚ್ಚುವರಿ ಖರ್ಚೂ ಇಲ್ಲದೆ ತಲುಪುತ್ತದೆ. ರಿಕ್ವೈರ್‌ಮೆಂಟ್ ಎಂಬ ಐಟಂ ಬಗೆಯೇ ಬೇಕಿದ್ದರೆ ಪ್ರಾಜೆಕ್ಟ್ ಶುರುಮಾಡುವಾಗ ಸಿಎಮ್‌ಎಮ್‌ಐ ಎಂಬ ಪ್ರೊಸೆಸ್ ಆಯ್ದುಕೊಳ್ಳಬೇಕು. ಅಜೈಲ್‌ನಲ್ಲಿ ಆ ಜಾಗದಲ್ಲಿ ಯೂಸರ್ ಸ್ಟೋರಿ, ಸ್ಕ್ರಮ್‌ನಲ್ಲಿ ಪ್ರಾಡಕ್ಟ್ ಬ್ಯಾಕ್‌ಲಾಗ್ ಐಟಂ ಇರುತ್ತದೆ. ರಿಕ್ವೈರ್‌ಮೆಂಟ್ ಆಧಾರಿತ ಟೆಸ್ಟ್ ಸ್ವೀಟ್‌ನೊಳಗೆ (ಟೆಸ್ಟ್‌ಗಳ ಗುಂಪಿನೊಳಗೆ) ಟೆಸ್ಟ್ ಕೇಸ್ ಬರೆದರೆ ಲಿಂಕ್ ತಾನಾಗಿಯೇ ಬೀಳುವುದರಿಂದ, ಮರೆವಿನಿಂದ ತಪ್ಪಿಹೋಗುವ ಲಿಂಕ್‌ಗಳೂ ಕಡಿಮೆಯಾಗುತ್ತವೆ.

ಮಿತಿಗಳೂ ಇವೆ. ನೇರ ಲಿಂಕ್‌ಗಳ ಕ್ವೆರಿ ಒಂದು ಹಂತವಷ್ಟೇ ಇಳಿಯುತ್ತದೆ. ಹಲವು ಹಂತ ಇಳಿಯುವ ಮರದ ಕ್ವೆರಿ ಪೇರೆಂಟ್-ಚೈಲ್ಡ್‌ನಂಥ ಮರದ ರಚನೆಯ ಲಿಂಕ್‌ಗಳಿಗೆ ಸೀಮಿತ. ಚಾರ್ಟ್‌ಗಳನ್ನು ಸಾದಾ ಪಟ್ಟಿಯ ಕ್ವೆರಿಯಿಂದ ಮಾತ್ರ ಬರೆಯಿಸಲು ಸಾಧ್ಯವಿರುವುದರಿಂದ, ಲಿಂಕ್ ಇಲ್ಲದ ರಿಕ್ವೈರ್‌ಮೆಂಟ್‌ಗಳ ಸಂಖ್ಯೆ ವಾರದಿಂದ ವಾರಕ್ಕೆ ಇಳಿಯುತ್ತಿರುವುದನ್ನು ರೇಖಾಚಿತ್ರವಾಗಿ ತೋರಿಸಲು ಬೇರೆ ಏರ್ಪಾಡು ಬೇಕು. ಒಂದು ಕ್ವೆರಿಯ ಫಲಿತಾಂಶ 20,000 ಐಟಂಗಳನ್ನು ಮೀರುವಂತಿಲ್ಲ. ದೊಡ್ಡ ಸಂಸ್ಥೆಗಳಲ್ಲಿ ಏರಿಯಾ ಪಾತ್ (ಪ್ರಾಜೆಕ್ಟ್‌ನ ಒಳವಿಭಾಗ) ಅಥವಾ ಆವೃತ್ತಿಯ ಪ್ರಕಾರ ಕ್ವೆರಿಯನ್ನು ಒಡೆಯುವುದು ಅನಿವಾರ್ಯವಾಗುತ್ತದೆ.

ಗಿಟ್‌ಹಬ್

ಗಿಟ್‌ಹಬ್‌ನ ಇಶ್ಯೂಗಳನ್ನೇ ರಿಕ್ವೈರ್‌ಮೆಂಟ್‌ಗಳಾಗಿ ಬಳಸುವ ತಂಡಗಳಿಗೆ ‘ಲಿಂಕ್ಡ್:ಪಿಆರ್’ ಎಂಬ ಹುಡುಕಾಟದ ಪದ ಉಪಯುಕ್ತ. ಪುಲ್ ರಿಕ್ವೆಸ್ಟ್‌ಗೆ (ಕೋಡ್ ಬದಲಾವಣೆಯನ್ನು ಸೇರಿಸಿಕೊಳ್ಳುವಂತೆ ಸಲ್ಲಿಸುವ ಕೋರಿಕೆಗೆ) ಲಿಂಕ್ ಆದ ಇಶ್ಯೂಗಳನ್ನು ಅದು ಕೊಡುತ್ತದೆ, ಮುಂದೆ ಒಂದು ಮೈನಸ್ ಚಿಹ್ನೆ ಇಟ್ಟರೆ ಲಿಂಕ್ ಆಗದವನ್ನು ಕೊಡುತ್ತದೆ. ಪುಲ್ ರಿಕ್ವೆಸ್ಟ್‌ನ ವಿವರಣೆಯಲ್ಲಿ ‘ಕ್ಲೋಸಸ್’, ‘ಫಿಕ್ಸಸ್’ ಮುಂತಾದ ಪದಗಳ ಜೊತೆ ಇಶ್ಯೂ ಸಂಖ್ಯೆ ಬರೆದರೆ ಲಿಂಕ್ ಬೀಳುತ್ತದೆ. ಆದರೆ ಆಚೆ ತುದಿಯ ಪುಲ್ ರಿಕ್ವೆಸ್ಟ್‌ಗೆ ಈ ಪದದಿಂದ ಷರತ್ತು ಹಾಕಲಾಗುವುದಿಲ್ಲ, ಎಪಿಐ (ಪ್ರೋಗ್ರಾಂಗಳು ಬಳಸುವ ಸಂಪರ್ಕದ್ವಾರ) ಮೂಲಕ ಒಂದು ಹುಡುಕಾಟಕ್ಕೆ 1,000ಕ್ಕಿಂತ ಹೆಚ್ಚು ಫಲಿತಾಂಶ ಸಿಗುವುದಿಲ್ಲ. ಕೋಡ್ ಬರೆದಾಯಿತೇ ಎಂಬ ಪ್ರಶ್ನೆಗೆ ಇದು ತಕ್ಕ ಉತ್ತರ, ಲೆಕ್ಕಪರಿಶೋಧನೆಗೆ ಸಾಲದು.

ಎಲ್ಲೆಡೆ ಕಾಡುವ ಮೂರು ತೊಡಕುಗಳು

ಮೊದಲನೆಯದು ದಿಕ್ಕು. ‘ಇಂಪ್ಲಿಮೆಂಟ್ಸ್’ ಎಂಬ ಲಿಂಕ್‌ಗೆ ‘ಈಸ್ ಇಂಪ್ಲಿಮೆಂಟೆಡ್ ಬೈ’ ಎಂಬ ಇನ್ನೊಂದು ಮುಖವಿದೆ. ಸ್ಕ್ರಿಪ್ಟ್‌ರನ್ನರ್‌ನಲ್ಲಿ ಕೊಡಬೇಕಾದ ಹೆಸರು ಒಳಕ್ವೆರಿಯ ಇಶ್ಯೂಗಳ ಕಡೆಯಿಂದ ನೋಡಿದ್ದು: ಬಾಕಿಯಿರುವ ಇಶ್ಯೂಗಳಿಂದ ತಡೆಹಿಡಿಯಲ್ಪಟ್ಟವನ್ನು ಹುಡುಕಲು ‘ಬ್ಲಾಕ್ಸ್’ ಎಂದು ಬರೆಯಬೇಕು, ‘ಈಸ್ ಬ್ಲಾಕ್ಡ್ ಬೈ’ ಎಂದಲ್ಲ. ತಿರುಗಾಮುರುಗಾ ಆದರೂ ಕ್ವೆರಿ ತಪ್ಪೆಂದು ಹೇಳುವುದಿಲ್ಲ, ಬೇರೆಯೇ ಪಟ್ಟಿಯನ್ನು ಕೊಡುತ್ತದೆ. ಯಾವ ಸಾಧನದಲ್ಲಾದರೂ, ಉತ್ತರ ಗೊತ್ತಿರುವ ಒಂದು ಜೋಡಿ ಇಶ್ಯೂಗಳ ಮೇಲೆ ಮೊದಲು ಪರೀಕ್ಷಿಸುವುದಕ್ಕೆ ಬದಲಿ ಇಲ್ಲ.

ಎರಡನೆಯದು ಅನುಮತಿ. ಕ್ವೆರಿ ನಡೆಸುವವರಿಗೆ ನೋಡಲು ಅನುಮತಿಯಿಲ್ಲದ ಇಶ್ಯೂಗಳು ಫಲಿತಾಂಶದಲ್ಲಿ ಬರುವುದಿಲ್ಲ. ಭದ್ರತೆಗೆ ಸಂಬಂಧಿಸಿದ ಬಗ್‌ಗಳನ್ನು ಮುಚ್ಚಿಟ್ಟಿರುವ ಪ್ರಾಜೆಕ್ಟ್‌ನಲ್ಲಿ, ಒಂದು ರಿಕ್ವೈರ್‌ಮೆಂಟ್‌ಗೆ ಬಗ್ ಒಂದೂ ಇಲ್ಲವೆಂದು ಒಬ್ಬರಿಗೂ ಎರಡು ಬಗ್ ಇವೆಯೆಂದು ಇನ್ನೊಬ್ಬರಿಗೂ ಕಾಣಬಹುದು, ಇಬ್ಬರೂ ತಮ್ಮ ಮಟ್ಟಿಗೆ ಸರಿ. ಅಧಿಕೃತ ವರದಿಯನ್ನು ಯಾವಾಗಲೂ ಒಂದೇ ಖಾತೆಯಿಂದ, ಎಲ್ಲ ಪ್ರಾಜೆಕ್ಟ್‌ಗಳನ್ನೂ ಓದಬಲ್ಲ ಖಾತೆಯಿಂದ ತೆಗೆಯಬೇಕು.

ಮೂರನೆಯದು ಕಾಲ. ‘ಬಿಡುಗಡೆಯ ದಿನ ಈ ರಿಕ್ವೈರ್‌ಮೆಂಟ್‌ಗೆ ಯಾವ ಇಶ್ಯೂಗಳು ಲಿಂಕ್ ಆಗಿದ್ದವು’ ಎಂದು ಆರು ತಿಂಗಳ ನಂತರ ಕೇಳಿದರೆ ಜೆಕ್ಯೂಎಲ್ ಕೈಚೆಲ್ಲುತ್ತದೆ. ಅದರ ಚೇಂಜ್ಡ್ ಆಪರೇಟರ್ ಸ್ಟೇಟಸ್, ಅಸೈನೀ, ಪ್ರಯಾರಿಟಿಯಂಥ ಕೆಲವೇ ಫೀಲ್ಡ್‌ಗಳಿಗೆ ಅನ್ವಯಿಸುತ್ತದೆ, ಲಿಂಕ್‌ಗಳಿಗೆ ಅಲ್ಲ.

ಆ್ಯಪ್ ಕೊಳ್ಳಲಾಗದಿದ್ದರೆ

ಜಿರಾದಲ್ಲಿಯೇ ಉಳಿಯಬೇಕು, ಹೊಸ ಆ್ಯಪ್‌ಗೆ ಅನುಮತಿಯೂ ಇಲ್ಲ ಎನ್ನುವ ತಂಡಗಳಿಗೆ ಎರಡು ದಾರಿಗಳಿವೆ. ಜಿರಾ ಆಟೊಮೇಷನ್‌ನಲ್ಲಿ ಇಶ್ಯೂ ಲಿಂಕ್ ಆದಾಗ ಚಾಲನೆಗೊಳ್ಳುವ ಟ್ರಿಗರ್ ಇದೆ. ಅದನ್ನು ಬಳಸಿ ರಿಕ್ವೈರ್‌ಮೆಂಟ್‌ನ ಒಂದು ಫೀಲ್ಡ್‌ನಲ್ಲಿ ‘ಸ್ಟೋರಿ ಇದೆ’ ಎಂದು ಗುರುತು ಹಾಕಿಸಿದರೆ, ಇಲ್ಲದಿರುವುದನ್ನು ಹುಡುಕುವುದು ಸಾದಾ ಜೆಕ್ಯೂಎಲ್‌ನ ‘ಈಸ್ ಎಂಪ್ಟಿ’ ಷರತ್ತಿಗೆ ಇಳಿಯುತ್ತದೆ. ಡ್ಯಾಶ್‌ಬೋರ್ಡ್, ಚಾರ್ಟ್, ಚಂದಾದಾರಿಕೆಯ ಮಿಂಚಂಚೆ ಎಲ್ಲದಕ್ಕೂ ಅದು ಸಲೀಸಾಗಿ ಒದಗುತ್ತದೆ. ಆದರೆ ಲಿಂಕ್ ತೆಗೆದಾಗಲೂ, ಆಚೆ ತುದಿಯ ಸ್ಟೋರಿ ರದ್ದಾದಾಗಲೂ ಗುರುತನ್ನು ಅಳಿಸುವ ನಿಯಮಗಳನ್ನು ಜೊತೆಗೇ ಬರೆಯಬೇಕು, ಮತ್ತು ನಿಯಮ ಬರುವುದಕ್ಕೆ ಮುಂಚಿನ ಲಿಂಕ್‌ಗಳಿಗೆ ಒಮ್ಮೆ ಕೈಯಾರೆ ಗುರುತು ಹಾಕಬೇಕು. ಈ ನಿಯಮಗಳನ್ನು ನೋಡಿಕೊಳ್ಳುವ ಹೊಣೆ ಒಬ್ಬರ ಹೆಸರಿನಲ್ಲಿ ಇಲ್ಲದಿದ್ದರೆ ಈ ದಾರಿ ಹಿಡಿಯದಿರುವುದೇ ಮೇಲು.

ಇನ್ನೊಂದು ದಾರಿ ರೆಸ್ಟ್ ಎಪಿಐ. ರಿಕ್ವೈರ್‌ಮೆಂಟ್‌ಗಳನ್ನು ಜೆಕ್ಯೂಎಲ್‌ನಿಂದ ತಂದು, ಪ್ರತಿಯೊಂದರ ಇಶ್ಯೂಲಿಂಕ್ಸ್ ಫೀಲ್ಡ್‌ನಲ್ಲಿರುವ ಒಳಮುಖ, ಹೊರಮುಖ ಲಿಂಕ್‌ಗಳನ್ನು ಓದಿ, ಆಚೆ ತುದಿಯ ಸ್ಥಿತಿಯನ್ನು ಒಂದು ಚಿಕ್ಕ ಸ್ಕ್ರಿಪ್ಟ್‌ನಲ್ಲಿ ತಾಳೆ ನೋಡಬಹುದು. ಆ್ಯಪ್‌ನ ನೆರವಿಲ್ಲದೆ ಜಿರಾದಲ್ಲಿ ನಾಲ್ಕೂ ಬಗೆಯ ಪ್ರಶ್ನೆಗಳಿಗೆ ಉತ್ತರಿಸುವ ಮಾರ್ಗ ಇದು, ಮತ್ತು ಕಾಲದ ತೊಡಕನ್ನು ಬಿಡಿಸುವುದೂ ಇದೇ: ಪ್ರತಿ ಬಿಡುಗಡೆಯ ದಿನ ಅದೇ ಸ್ಕ್ರಿಪ್ಟ್ ನಡೆಸಿ, ರಿಕ್ವೈರ್‌ಮೆಂಟ್, ಲಿಂಕ್‌ನ ಬಗೆ, ಲಿಂಕ್ ಆದ ಇಶ್ಯೂ, ಅದರ ಆ ದಿನದ ಸ್ಥಿತಿ ಇವುಗಳ ಕೋಷ್ಟಕವನ್ನು ಆ ಬಿಡುಗಡೆಯ ಕೋಡ್‌ನ ಟ್ಯಾಗ್ ಜೊತೆಗೇ ಉಳಿಸಿಡಬಹುದು. ಕ್ಲೌಡ್‌ನ ಹೊಸ ಹುಡುಕಾಟದ ಎಪಿಐ ಒಟ್ಟು ಫಲಿತಾಂಶಗಳ ಸಂಖ್ಯೆಯನ್ನು ಹೇಳದೆ, ಮುಂದಿನ ಪುಟಕ್ಕೆ ಒಂದು ಟೋಕನ್ ಮಾತ್ರ ಕೊಡುತ್ತದೆ. ಆದ್ದರಿಂದ ಟೋಕನ್ ಮುಗಿಯುವವರೆಗೆ ಓದಿದ್ದೇವೆಯೇ ಎಂಬುದನ್ನು ಸ್ಕ್ರಿಪ್ಟ್ ಖಚಿತಪಡಿಸಿಕೊಳ್ಳಬೇಕು, ಇಲ್ಲವಾದರೆ ಮೊದಲ ಪುಟದ ಪಟ್ಟಿಯೇ ಪೂರ್ಣ ಪಟ್ಟಿಯೆಂದು ದಾಖಲಾಗಿಬಿಡುತ್ತದೆ.

ಹೊಸದಾಗಿ ಸಾಧನವನ್ನೇ ಆಯ್ದುಕೊಳ್ಳುವ ಸ್ವಾತಂತ್ರ್ಯವಿದ್ದು, ಜಾಡಿನ ದಾಖಲೆ ಕಡ್ಡಾಯವಾಗಿರುವ ತಂಡಕ್ಕೆ ನಾನು ಅಜುರ್ ಡೆವ್‌ಆಪ್ಸ್ ಅನ್ನು ಸೂಚಿಸುತ್ತೇನೆ. ಈಗಾಗಲೇ ಜಿರಾದಲ್ಲಿ ನೆಲೆಯೂರಿರುವವರು ಬರೀ ಕ್ವೆರಿಗಳಿಗಾಗಿ ವಲಸೆ ಹೋಗುವ ಅಗತ್ಯವಿಲ್ಲ. ಅವರು ಕ್ಲೌಡ್‌ನ ತಡವನ್ನು ಸಹಿಸಬಲ್ಲರಾದರೆ ಸ್ಕ್ರಿಪ್ಟ್‌ರನ್ನರ್, ಟೆಸ್ಟ್‌ನ ಫಲಿತಾಂಶವೇ ಮುಖ್ಯವಾದರೆ ಎಕ್ಸ್‌ರೇ ಆಯ್ದುಕೊಳ್ಳಬಹುದು. ಯಾವುದನ್ನೇ ಕೊಳ್ಳುವ ಮುನ್ನ, ಪ್ರಾಯೋಗಿಕ ಅವಧಿಯಲ್ಲಿ ಒಂದು ರಿಕ್ವೈರ್‌ಮೆಂಟ್‌ಗೆ ಲಿಂಕ್ ಆದ ಏಕೈಕ ಸ್ಟೋರಿಯನ್ನು ರದ್ದುಮಾಡಿ, ಆ ರಿಕ್ವೈರ್‌ಮೆಂಟ್ ನಿಮ್ಮ ಕ್ವೆರಿಯ ಪಟ್ಟಿಗೆ ಬರುತ್ತದೆಯೇ, ಬಂದರೆ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದನ್ನು ನೋಡಿ.